ಔಷಧಿ ಬಾಟಲಿಯ ಲೆಕ್ಕ: ಹೆಕ್ಟೇರಿಗೆ ಬರೆದದ್ದು ಪಂಪಿಗೆ ಎಷ್ಟು?

ತೊಗರಿ ಹೂ ಕಟ್ಟುವ ಕಾಲ ಬಂತೆಂದರೆ ಔಷಧಿ ಅಂಗಡಿಗಳ ಮುಂದೆ ಕೇಳಿಬರುವ ಪ್ರಶ್ನೆ ಒಂದೇ. “ಪಂಪಿಗೆ ಎಷ್ಟು ಹಾಕಬೇಕ್ರೀ?” ಉತ್ತರವೂ ಸಿದ್ಧವಾಗಿರುತ್ತದೆ. “ಒಂದೂವರೆ ಮುಚ್ಚಳ ಹಾಕ್ರಿ. ಹುಳ ಭಾಳ ಇದ್ದರ ಎರಡು ಹಾಕ್ರಿ.” ರೈತ ಹಣ ಕೊಟ್ಟು ಹೊರಡುತ್ತಾನೆ. ಅವನ ಕೈಚೀಲದಲ್ಲಿರುವ ಬಾಟಲಿಯ ಮೇಲೆ, ಅದರ ಜೊತೆ ಬಂದ ಮಡಚಿದ ಕಾಗದದ ಮೇಲೆ, ಯಾವ ಬೆಳೆಗೆ ಎಷ್ಟು ಪ್ರಮಾಣ ಎಂಬುದು ಸರ್ಕಾರದ ಸಮಿತಿಯೊಂದು ಒಪ್ಪಿದ ಅಂಕಿಗಳಲ್ಲಿ ಅಚ್ಚಾಗಿರುತ್ತದೆ. ಆದರೆ ಅದನ್ನು ಓದುವವರು ವಿರಳ.

ಇದಕ್ಕೆ ರೈತರ ಅಸಡ್ಡೆಯೇ ಕಾರಣವೆಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ರೈತ ಕೇಳುವುದು ಪಂಪಿನ ಲೆಕ್ಕ. ಲೇಬಲ್ ಹೇಳುವುದು ಹೆಕ್ಟೇರಿನ ಲೆಕ್ಕ. ರೈತನ ಹೊಲ ಎಕರೆ-ಗುಂಟೆಯಲ್ಲಿದೆ, ಬೆನ್ನ ಮೇಲಿನ ಪಂಪು ಲೀಟರಿನಲ್ಲಿದೆ, ಕೈಯಲ್ಲಿರುವ ಅಳತೆ ಬಾಟಲಿಯ ಮುಚ್ಚಳ. ಈ ನಾಲ್ಕನ್ನೂ ಜೋಡಿಸುವ ಸಾಲು ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆ ಕೊರತೆಯನ್ನು ಅಂಗಡಿಯವರ ಮಾತು ತುಂಬುತ್ತದೆ.

ಲೇಬಲ್ಲಿನಲ್ಲಿ ಏನಿರುತ್ತದೆ

ನಮ್ಮ ದೇಶದಲ್ಲಿ ಬೆಳೆಗೆ ಹೊಡೆಯುವ ಔಷಧಿಗಳು 1968ರ ಕೀಟನಾಶಕ ಕಾಯಿದೆಗೂ 1971ರ ನಿಯಮಗಳಿಗೂ ಒಳಪಟ್ಟಿವೆ. ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯಲ್ಲಿ ನೋಂದಣಿಯಾಗದ ಔಷಧಿಯನ್ನು ಮಾರುವಂತಿಲ್ಲ. ಲೇಬಲ್ಲನ್ನೂ ಒಳಗಿನ ಕಾಗದವನ್ನೂ ಹಿಂದಿ, ಇಂಗ್ಲಿಷ್ ಅಲ್ಲದೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಅಚ್ಚು ಮಾಡಿಸಬೇಕೆಂದು ನಿಯಮವಿದೆ. ಆದುದರಿಂದ ಕನ್ನಡದ ಬರಹ ಅದರಲ್ಲಿ ಇರತಕ್ಕದ್ದೇ. ಇಲ್ಲದಿದ್ದರೆ ಕೇಳುವ ಹಕ್ಕು ಕೊಂಡವನಿಗೆ ಇದೆ. ಆದರೆ ಹಲವು ಭಾಷೆಗಳನ್ನು ಒಂದೇ ಹಾಳೆಯಲ್ಲಿ ತುಂಬಿದ್ದರಿಂದ ಅಕ್ಷರಗಳು ಸಾಸಿವೆ ಕಾಳಿನಷ್ಟಾಗಿರುತ್ತವೆ. ನಲವತ್ತು ದಾಟಿದ ನನ್ನಂಥವರಿಗೆ ಕನ್ನಡಕವಿಲ್ಲದೆ ಅದು ಓದಲು ಬಾರದು.

ಕಾಗದವನ್ನು ಬಿಡಿಸಿದರೆ ಒಂದು ಪಟ್ಟಿ ಕಾಣುತ್ತದೆ. ಮೊದಲು ಬೆಳೆ, ಅನಂತರ ಕೀಟ ಅಥವಾ ರೋಗ. ಆಮೇಲೆ ಹೆಕ್ಟೇರಿಗೆ ಬೇಕಾದ ‘ಮೂಲ ವಿಷಾಂಶ’ ಗ್ರಾಂನಲ್ಲಿ. ಮುಂದಿನದು ಹೆಕ್ಟೇರಿಗೆ ಬೇಕಾದ ‘ತಯಾರಿಕೆ’, ಅಂದರೆ ಬಾಟಲಿಯಲ್ಲಿರುವ ಔಷಧಿಯ ಪ್ರಮಾಣ. ಅದರ ಪಕ್ಕದಲ್ಲಿ ಬೆರೆಸಬೇಕಾದ ನೀರು. ಕೊನೆಗೆ ಔಷಧಿ ಹೊಡೆದ ಎಷ್ಟು ದಿನಗಳ ನಂತರ ಕೊಯ್ಯಬಹುದು ಎಂಬ ಕಾಯುವ ಅವಧಿ. ಮೊದಲ ಅಂಕಿಯೇ ಹಲವರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಮೂಲ ವಿಷಾಂಶದ ಅಂಕಿ ವಿಜ್ಞಾನಿಗಳಿಗಾಗಿ ಇರುವುದು. ಹೊಲಕ್ಕೆ ಹೋಗುವವನು ನೋಡಬೇಕಾದುದು ಎರಡನೆಯ ಅಂಕಿಯನ್ನು. ಎರಡನ್ನೂ ಪಕ್ಕಪಕ್ಕದಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಿಸುವುದು ಸರಿಯಾದ ಕ್ರಮವೆಂದು ನನಗೆ ತೋರುವುದಿಲ್ಲ.

ಇನ್ನು ಡಬ್ಬಿಯ ಮೇಲಿನ ಬಣ್ಣ. ವಾರೆಯಾಗಿ ನಿಲ್ಲಿಸಿದ ಚೌಕದ ಕೆಳಗಿನ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣವಿರುತ್ತದೆ. ಕೆಂಪಿದ್ದರೆ ತಲೆಬುರುಡೆಯ ಗುರುತೂ ‘ವಿಷ’ ಎಂಬ ಮಾತೂ ಇರುತ್ತವೆ. ಹಳದಿಗೆ ‘ವಿಷ’, ನೀಲಿಗೆ ‘ಅಪಾಯ’, ಹಸಿರಿಗೆ ‘ಎಚ್ಚರಿಕೆ’. ಕೆಂಪು ಬಣ್ಣದ ಔಷಧಿ ಹುಳುವಿನ ಮೇಲೆ ಹೆಚ್ಚು ಕೆಲಸ ಮಾಡುತ್ತದೆಂದು ಅನೇಕರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಬಣ್ಣವು ಮನುಷ್ಯನಿಗೂ ದನಕರುಗಳಿಗೂ ಅದು ಎಷ್ಟು ವಿಷವೆಂಬುದನ್ನು ತಿಳಿಸುತ್ತದೆಯೇ ಹೊರತು ಹುಳುವಿನ ಮೇಲಿನ ಅದರ ಶಕ್ತಿಯನ್ನಲ್ಲ. ಹಸಿರು ತ್ರಿಕೋನದ ಔಷಧಿಗಳಲ್ಲೂ ಕಾಯಿಕೊರಕವನ್ನು ಚೆನ್ನಾಗಿ ಹತೋಟಿ ಮಾಡುವಂಥವು ಇವೆ.

ಒಂದು ಲೆಕ್ಕ ಮಾಡಿ ನೋಡೋಣ

ತೊಗರಿಯ ಕಾಯಿಕೊರಕಕ್ಕೆ ಬಳಕೆಯಲ್ಲಿರುವ ಇಮಾಮೆಕ್ಟಿನ್ ಬೆಂಜೋಯೇಟ್ ಶೇ. 5 ಎಸ್.ಜಿ. ಎಂಬ ಹರಳು ಔಷಧಿಯನ್ನು ತೆಗೆದುಕೊಳ್ಳೋಣ. ಅದರ ಕಾಗದದಲ್ಲಿ ತೊಗರಿಯ ಎದುರು ಹೆಕ್ಟೇರಿಗೆ 220 ಗ್ರಾಂ, ನೀರು 500ರಿಂದ 750 ಲೀಟರ್, ಕಾಯುವ ಅವಧಿ 14 ದಿನ ಎಂದಿರುತ್ತದೆ. ಒಂದು ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಹಾಗಾದರೆ ಎಕರೆಗೆ 88 ಗ್ರಾಂ ಔಷಧಿ, 200ರಿಂದ 300 ಲೀಟರ್ ನೀರು. ಇಷ್ಟರವರೆಗೆ ಎಲ್ಲರಿಗೂ ಸಲೀಸು. ತೊಡಕು ಇರುವುದು ಮುಂದೆ. ಪಂಪು 16 ಲೀಟರಿನದಾದರೆ, 200 ಲೀಟರ್ ನೀರಿಗೆ ಹನ್ನೆರಡೂವರೆ ಪಂಪು ಆಗುತ್ತದೆ. ಪ್ರತಿ ಪಂಪಿಗೆ 7 ಗ್ರಾಂ. 300 ಲೀಟರ್ ಹೊಡೆಯುವವನಿಗೆ ಸುಮಾರು 19 ಪಂಪು. ಪ್ರತಿ ಪಂಪಿಗೆ 5 ಗ್ರಾಮಿಗೂ ಸ್ವಲ್ಪ ಕಡಿಮೆ. ಔಷಧಿ ಒಂದೇ, ಹೊಲ ಒಂದೇ, ಪಂಪಿನ ಲೆಕ್ಕ ಮಾತ್ರ ಬೇರೆ ಬೇರೆ. ನೀವು ಎಕರೆಗೆ ಎಷ್ಟು ಪಂಪು ಹೊಡೆಯುತ್ತೀರಿ ಎಂದು ಕೇಳದೆ “ಪಂಪಿಗೆ ಇಷ್ಟು” ಎಂದು ಹೇಳುವವರ ಮಾತಿಗೆ ಬುಡವಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪಂಪುಗಳ ಗಾತ್ರವೂ ಒಂದೇ ಆಗಿ ಉಳಿದಿಲ್ಲ. ಈಗಿನ ಬ್ಯಾಟರಿ ಪಂಪುಗಳು 16, 18, 20 ಲೀಟರಿನವು. ಎಂಜಿನ್ ಪಂಪಿನಲ್ಲಿ ಹನಿ ಬಹಳ ಸಣ್ಣದಾಗಿ ಬೀಳುವುದರಿಂದ ಎಕರೆಗೆ ಸಾಲುವ ನೀರು ತೀರ ಕಡಿಮೆ. ಇಲ್ಲಿ ಲೀಟರಿನ ಲೆಕ್ಕ ಹಿಡಿದವನು, ಅಂದರೆ ಲೀಟರಿಗೆ ಇಷ್ಟು ಗ್ರಾಂ ಎಂದು ಮಾತ್ರ ನೋಡಿದವನು, ಎಕರೆಗೆ ಬೇಕಾದುದರಲ್ಲಿ ಅರ್ಧವನ್ನೋ ಕಾಲುಭಾಗವನ್ನೋ ಹೊಡೆದು ಬರುತ್ತಾನೆ. ಹುಳು ಸಾಯುವುದಿಲ್ಲ. ಔಷಧಿ ಕಲಬೆರಕೆ ಎಂದು ಅಂಗಡಿಯವರೊಂದಿಗೆ ಜಗಳವಾಗುತ್ತದೆ. ವಿಶ್ವವಿದ್ಯಾಲಯಗಳ ಬೇಸಾಯ ಕ್ರಮಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ‘ಪ್ರತಿ ಲೀಟರ್ ನೀರಿಗೆ’ ಎಂದು ಬರೆದಿರುತ್ತದೆ. ಕೈಪಂಪಿನಿಂದ ಗಿಡ ಪೂರ್ತಿ ತೊಯ್ಯುವಂತೆ ಹೊಡೆಯುವವರಿಗೆ ಅದು ಅನುಕೂಲವೇ. ಎಂಜಿನ್ ಪಂಪಿನವರು ಮಾತ್ರ ಎಕರೆಯ ಲೆಕ್ಕವನ್ನು ಬಿಡಕೂಡದು. ಹೀಗೆ ಲೇಬಲ್ಲಿನದು ಹೆಕ್ಟೇರ್, ಪುಸ್ತಕದ್ದು ಲೀಟರ್, ಅಂಗಡಿಯದು ಮುಚ್ಚಳ. ಮೂರು ಬಾಯಿಯಿಂದ ಮೂರು ಮಾತು ಕೇಳಿದ ರೈತ ತನಗೆ ತೋಚಿದ್ದನ್ನು ಮಾಡಿದರೆ ಅವನನ್ನು ದೂರುವುದು ಹೇಗೆ?

ಮುಚ್ಚಳದ ವಿಷಯವನ್ನೂ ಹೇಳಿಬಿಡುತ್ತೇನೆ. 100 ಮಿಲಿ ಲೀಟರ್ ಬಾಟಲಿಯ ಮುಚ್ಚಳವೂ ಒಂದು ಲೀಟರ್ ಬಾಟಲಿಯ ಮುಚ್ಚಳವೂ ಒಂದೇ ಅಳತೆಯವಲ್ಲ. ಕಂಪನಿಯಿಂದ ಕಂಪನಿಗೆ ಅದು ಬೇರೆ. ಕೆಲವರು ಸಿ.ಸಿ. ಎನ್ನುತ್ತಾರೆ, ಲೇಬಲ್ಲಿನಲ್ಲಿ ಮಿ.ಲೀ. ಎಂದಿರುತ್ತದೆ, ಎರಡೂ ಒಂದೇ ಎಂದು ತಿಳಿಯದವರು ಇನ್ನೂ ಇದ್ದಾರೆ. ಪುಡಿ ಔಷಧಿಯನ್ನು ಚಮಚದಲ್ಲಿ ಅಳೆಯುವುದಂತೂ ಮತ್ತೂ ಹೆಚ್ಚಿನ ತಪ್ಪು. 5 ಮಿ.ಲೀ. ಹಿಡಿಯುವ ಚಮಚದಲ್ಲಿ 5 ಗ್ರಾಂ ಪುಡಿ ಹಿಡಿಯುತ್ತದೆಂಬ ನಿಯಮವೇನೂ ಇಲ್ಲ. ಹಗುರ ಪುಡಿ ಕಡಿಮೆ ತೂಗುತ್ತದೆ, ಭಾರದ್ದು ಹೆಚ್ಚು ತೂಗುತ್ತದೆ.

ಒಂದು ಗುಂಟೆಯ ಪರೀಕ್ಷೆ

ಎಕರೆಗೆ ಎಷ್ಟು ಪಂಪು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಹೊಲದಲ್ಲೇ ಕಂಡುಕೊಳ್ಳಬಹುದು. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. 33 ಅಡಿ ಉದ್ದ 33 ಅಡಿ ಅಗಲದ ಜಾಗ ಒಂದು ಗುಂಟೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅದನ್ನು ನಾಲ್ಕು ಗೂಟ ನೆಟ್ಟು ಗುರುತು ಮಾಡಿ. ಪಂಪಿಗೆ ಬರೀ ನೀರನ್ನು ಕಂಠಮಟ್ಟ ತುಂಬಿ, ದಿನವೂ ಹೊಡೆಯುವ ನಡಿಗೆಯಲ್ಲೇ, ಅದೇ ನಾಜಲ್ಲಿನಲ್ಲೇ ಆ ಗುಂಟೆಗೆ ಹೊಡೆಯಿರಿ. ಪಂಪನ್ನು ಇಳಿಸಿ, ಮತ್ತೆ ಕಂಠಮಟ್ಟ ತುಂಬಲು ಎಷ್ಟು ಲೀಟರ್ ನೀರು ಹಿಡಿಯಿತೆಂದು ಅಳೆಯಿರಿ. 6 ಲೀಟರ್ ಹಿಡಿಯಿತೆನ್ನೋಣ. ನಲವತ್ತು ಗುಂಟೆಗೆ 240 ಲೀಟರ್ ಆಯಿತು. 16 ಲೀಟರಿನ ಪಂಪಿನಲ್ಲಿ ಅದು ಸರಿಯಾಗಿ 15 ಪಂಪು. ಎಕರೆಗೆ ಬೇಕಾದ 88 ಗ್ರಾಂ ಔಷಧಿಯನ್ನು ಹದಿನೈದು ಪಂಪಿಗೆ ಹಂಚಿದರೆ ಪಂಪಿಗೆ ಸುಮಾರು 6 ಗ್ರಾಂ.

ಆರು ಗ್ರಾಂ ಅಳೆಯುವ ತಕ್ಕಡಿ ಹೊಲದಲ್ಲಿ ಯಾರ ಬಳಿ ಇದೆ ಎಂದು ನೀವು ಕೇಳಬಹುದು. ಅದಕ್ಕೂ ದಾರಿಯಿದೆ. ಎಕರೆಗೆ ಬೇಕಾದ ಅಷ್ಟೂ ಔಷಧಿಯನ್ನು ಒಮ್ಮೆಗೇ ತೂಕ ಮಾಡಿಸಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಹಾಕಿ ಕೋಲಿನಿಂದ ಚೆನ್ನಾಗಿ ಕಲಸಿ, ಮೇಲೆ ನೀರು ಸೇರಿಸಿ ಒಟ್ಟು ಏಳೂವರೆ ಲೀಟರ್ ಮಾಡಿ. ಇದರಲ್ಲಿ ಅರ್ಧ ಅರ್ಧ ಲೀಟರ್ ತೆಗೆದು ಹದಿನೈದು ಪಂಪಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಪ್ರತಿ ಸಾರಿ ತೆಗೆಯುವ ಮುನ್ನ ಒಮ್ಮೆ ಕಲಕಬೇಕು, ಇಲ್ಲದಿದ್ದರೆ ತಳದಲ್ಲಿ ಕೂತುಬಿಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು. ಕೈಗೆ ರಬ್ಬರ್ ಕೈಚೀಲ ಇರಲಿ. ಪಂಪಿಗೆ ಹಾಕಿ ಸಿಂಪಡಿಸುವ ದ್ರಾವಣಕ್ಕಿಂತ ಬಕೆಟ್ಟಿನಲ್ಲಿರುವುದು ಮೂವತ್ತೆರಡು ಪಟ್ಟು ಖಾರ. ಈ ಬಕೆಟ್ಟನ್ನೂ ಲೋಟವನ್ನೂ ಮನೆಗೆಲಸಕ್ಕೆ ಮತ್ತೆ ಬಳಸಬಾರದು. ಗುರುತಿಗೆ ಕೆಂಪು ಬಣ್ಣ ಬಳಿದಿಡುವುದು ಒಳ್ಳೆಯದು.

ಹೆಸರು ಒಂದೇ, ಖಾರ ಬೇರೆ

ಅಂಗಡಿಗೆ ಹೋಗಿ “ಇಮಿಡಾ ಕೊಡ್ರಿ” ಎನ್ನುವವರು ಬಹಳ. ಇಮಿಡಾಕ್ಲೋಪ್ರಿಡ್ ಶೇ. 17.8ರ ದ್ರವ ರೂಪದಲ್ಲಿದೆ, ಶೇ. 30.5ರ ದ್ರವವಿದೆ, ಶೇ. 70ರ ಹರಳೂ ಇದೆ. ಹತ್ತಿಯ ರಸಹೀರುವ ಕೀಟಗಳಿಗೆ ಶೇ. 17.8ರದು ಹೆಕ್ಟೇರಿಗೆ 100ರಿಂದ 125 ಮಿ.ಲೀ., ಅಂದರೆ ಎಕರೆಗೆ 40ರಿಂದ 50 ಮಿ.ಲೀ. ಸಾಕು. ಶೇ. 70ರ ಹರಳಾದರೆ ಎಕರೆಗೆ 12ರಿಂದ 14 ಗ್ರಾಂ. ಹೋದ ವರ್ಷ ದ್ರವವನ್ನು ಎಕರೆಗೆ ಐವತ್ತು ಹಾಕಿದ್ದೆನೆಂದು ಈ ವರ್ಷ ಹರಳನ್ನೂ ಐವತ್ತು ಹಾಕಿದವನು ಸುಮಾರು ನಾಲ್ಕು ಪಟ್ಟು ವಿಷ ಹೊಡೆದಂತಾಯಿತು. ಬೆಳೆಗೂ ಜೇನಿಗೂ ಜೇಬಿಗೂ ನಷ್ಟ. ಔಷಧಿಯ ಹೆಸರಿನ ಜೊತೆಗೆ ಶೇಕಡಾ ಅಂಕಿಯನ್ನೂ ಅದರ ಮುಂದಿನ ಅಕ್ಷರಗಳನ್ನೂ (ಎಸ್.ಎಲ್., ಎಸ್.ಸಿ., ಡಬ್ಲ್ಯು.ಜಿ.) ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗುವುದು ಉತ್ತಮ.

ಲೆಕ್ಕ ತಪ್ಪಿದರೆ ಫಲವೇ ತಲೆಕೆಳಗಾಗುವ ಔಷಧಿಗಳೂ ಇವೆ. ಹತ್ತಿ, ಮೆಣಸಿನಕಾಯಿಗಳಲ್ಲಿ ಹೂ ಉದುರದಂತೆ ಹೊಡೆಯುವ ಎನ್.ಎ.ಎ. ಎಂಬ ಸಸ್ಯಚೋದಕದ ಪ್ರಮಾಣವನ್ನು ‘ಪಿ.ಪಿ.ಎಂ.’ ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಎಂದು ಅದರ ಅರ್ಥ. ಕಾಲೇಜಿನಲ್ಲಿ ಓದಿದವರಿಗೂ ಹೊಲದ ಬದುವಿನ ಮೇಲೆ ನಿಂತು ಈ ಲೆಕ್ಕ ಮಾಡುವುದು ಕಷ್ಟ. ಶೇ. 4.5ರ ದ್ರಾವಣವಾದರೆ ನಾಲ್ಕೂವರೆ ಲೀಟರ್ ನೀರಿಗೆ 1 ಮಿ.ಲೀ. ಬೆರೆಸಿದಾಗ 10 ಪಿ.ಪಿ.ಎಂ. ಆಗುತ್ತದೆ, 16 ಲೀಟರಿನ ಪಂಪಿಗೆ ಸುಮಾರು ಮೂರೂವರೆ ಮಿ.ಲೀ. ಇದೇ ಔಷಧಿ ಪ್ರಮಾಣ ಮೀರಿದರೆ ಹೂವನ್ನೂ ಎಳೆಗಾಯಿಯನ್ನೂ ಉದುರಿಸುತ್ತದೆ. ಹಣ್ಣಿನ ತೋಟಗಳಲ್ಲಿ ಕಾಯಿಗಳನ್ನು ವಿರಳಗೊಳಿಸಲು ಅದನ್ನು ಬಳಸುವುದೂ ಉಂಟು. ಹೂ ನಿಲ್ಲಲೆಂದು ಎರಡು ಮುಚ್ಚಳ ಹೆಚ್ಚಿಗೆ ಹಾಕಿದವನ ಹೊಲದಲ್ಲಿ ಹೂ ನೆಲಕ್ಕೆ ಬಿದ್ದರೆ ಅದಕ್ಕೆ ಯಾರು ಹೊಣೆ?

ಇದಕ್ಕೆ ಎದುರಾಗಿ ಮಲೆನಾಡಿನ ಬೋರ್ಡೋ ದ್ರಾವಣವನ್ನು ನೋಡಿ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿದ ಕಾಲದಿಂದ ಅದು ಬಳಕೆಗೆ ಬಂದು ನೂರು ವರ್ಷ ದಾಟಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಕ್ಷರ ಬಾರದ ಕೊನೆಗೌಡನೂ ಇದನ್ನು ತಪ್ಪದೆ ಹೇಳಬಲ್ಲ. ‘ಶೇಕಡಾ ಒಂದರ ದ್ರಾವಣ’ ಎಂದಷ್ಟೇ ಹೇಳಿಬಿಟ್ಟಿದ್ದರೆ ಅದು ಇಷ್ಟು ಕೊಟ್ಟಿಗೆಗಳನ್ನು ಮುಟ್ಟುತ್ತಿತ್ತೇ ಎಂಬುದು ನನ್ನ ಸಂಶಯ. ಡ್ರಮ್ಮಿನ ಅಳತೆಯಲ್ಲಿ ಹೇಳಿದ್ದರಿಂದ ಅದು ಜನರ ಬಾಯಲ್ಲಿ ಉಳಿಯಿತು.

ಮಕ್ಕಳ ಸಿರಪ್ಪು, ಕುರಿಯ ಜಂತುಔಷಧ

ಈ ತೊಂದರೆ ಬೆಳೆಯ ಔಷಧಿಗೆ ಮಾತ್ರ ಸೇರಿದ್ದಲ್ಲ. ಮನೆಯೊಳಗಿನ ಕಪಾಟಿನಲ್ಲೂ ಕೊಟ್ಟಿಗೆಯ ಗೂಡಿನಲ್ಲೂ ಇದೇ ಕಥೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ಪು 5 ಮಿ.ಲೀ.ಗೆ 125 ಮಿಲಿಗ್ರಾಂ ಇರುವುದು ಒಂದು, 250 ಮಿಲಿಗ್ರಾಂ ಇರುವುದು ಇನ್ನೊಂದು. ಹಸುಗೂಸುಗಳಿಗೆಂದು ಮಾರುವ ಹನಿ ಔಷಧಿಯಲ್ಲಿ 1 ಮಿ.ಲೀ.ಯಲ್ಲೇ 100 ಮಿಲಿಗ್ರಾಂ ಇರುತ್ತದೆ. ಬಾಟಲಿ ಸಣ್ಣದು, ಆದುದರಿಂದ ಮೆದುವಾದ ಔಷಧಿ ಇರಬೇಕೆಂದು ತಾಯಂದಿರು ಭಾವಿಸುತ್ತಾರೆ. ವಾಸ್ತವವಾಗಿ ಅದೇ ಎಲ್ಲಕ್ಕಿಂತ ಖಾರ. ಸಿರಪ್ಪಿನಂತೆ ಒಂದು ಚಮಚ, ಅಂದರೆ 5 ಮಿ.ಲೀ., ಕುಡಿಸಿಬಿಟ್ಟರೆ 500 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ದೊಡ್ಡವರ ಒಂದು ಮಾತ್ರೆಯಷ್ಟು. ಮನೆಯ ಚಮಚಗಳಾದರೋ ಒಂದೊಂದು ಒಂದೊಂದು ಗಾತ್ರ. ಬಾಟಲಿಯ ಜೊತೆಗೆ ಬಂದ ಗೆರೆ ಹಾಕಿದ ಲೋಟವನ್ನೋ ಪಿಚಕಾರಿಯನ್ನೋ ಬಿಟ್ಟು ಬೇರೆಯದರಲ್ಲಿ ಅಳೆಯಬಾರದು. ಎಷ್ಟು ಮಿ.ಲೀ. ಎಂದು ವೈದ್ಯರಿಂದ ಕೇಳಿ, ಬಾಟಲಿಯ ಮೇಲೇ ಬರೆಸಿಕೊಳ್ಳಬೇಕು.

ಅಮೆರಿಕದಲ್ಲಿ ಈ ಲೋಟಗಳನ್ನೇ ಪರೀಕ್ಷೆಗೆ ಒಳಪಡಿಸಿದರು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಮಕ್ಕಳ ದ್ರವ ಔಷಧಿಗಳಲ್ಲಿ 200ನ್ನು ಆರಿಸಿ ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 148ರ ಜೊತೆ ಅಳತೆಯ ಸಾಧನವಿತ್ತು. ಆ 148ರಲ್ಲಿ 146ರಲ್ಲಿ ಲೇಬಲ್ಲಿನ ಮಾತಿಗೂ ಸಾಧನದ ಗೆರೆಗಳಿಗೂ ಯಾವುದಾದರೊಂದು ಹೊಂದಾಣಿಕೆಯ ಕೊರತೆ ಕಂಡುಬಂತು. ಲೇಬಲ್ಲಿನಲ್ಲಿ ಚಮಚದ ಲೆಕ್ಕವಿದ್ದರೆ ಲೋಟದಲ್ಲಿ ಮಿ.ಲೀ. ಗೆರೆ, ಹೇಳಿದ ಪ್ರಮಾಣಕ್ಕೆ ಲೋಟದಲ್ಲಿ ಗೆರೆಯೇ ಇಲ್ಲದಿರುವುದು, ಬೇಡದ ಗೆರೆಗಳು ಇರುವುದು ಇತ್ಯಾದಿ. ಅಲ್ಲಿನ ಔಷಧಿ ನಿಯಂತ್ರಣ ಇಲಾಖೆ 2011ರಲ್ಲಿ ತಯಾರಕರಿಗೆ ಮಾರ್ಗಸೂಚಿ ಕೊಟ್ಟಿತು. ದ್ರವ ಔಷಧಿಯ ಜೊತೆ ಅಳತೆಯ ಸಾಧನ ಇರಬೇಕು, ಲೇಬಲ್ಲಿನ ಅಳತೆಯೂ ಸಾಧನದ ಅಳತೆಯೂ ಒಂದೇ ಆಗಿರಬೇಕು, ಅತಿ ದೊಡ್ಡ ಪ್ರಮಾಣಕ್ಕಿಂತ ಸಾಧನ ವಿಪರೀತ ದೊಡ್ಡದಾಗಿರಬಾರದು ಎಂಬುದು ಅದರ ಸಾರ. ಅಷ್ಟು ಓದಿದವರ ನಾಡಿನಲ್ಲೇ ಈ ಪಾಡಾದರೆ ನಮ್ಮವರು ಮುಚ್ಚಳ ನಂಬಿದ್ದರಲ್ಲಿ ಆಶ್ಚರ್ಯವೇನಿದೆ?

ಕುರಿಗಳಿಗೆ ಕುಡಿಸುವ ಆಲ್ಬೆಂಡಜೋಲ್ ಜಂತುಔಷಧವೂ ಶೇ. 2.5ರದು, ಶೇ. 10ರದು ಎಂದು ಬೇರೆ ಬೇರೆ ಖಾರದಲ್ಲಿ ಸಿಗುತ್ತದೆ. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ 25 ಕಿಲೋ ತೂಗುವ ಕುರಿಗೆ ಮೊದಲನೆಯದು 5 ಮಿ.ಲೀ. ಬೇಕು, ಎರಡನೆಯದು ಒಂದೂಕಾಲು ಮಿ.ಲೀ. ಸಾಕು. ಕುರಿಗಾರರು ಹಿಂಡಿಗೆಲ್ಲ ಒಂದೇ ಅಳತೆಯಿಂದ ಕುಡಿಸುತ್ತಾ ಹೋಗುವುದರಿಂದ ಒಂದು ಬಾಟಲಿ ಬದಲಾದರೆ ಇಡೀ ಹಿಂಡಿಗೆ ತಪ್ಪುತ್ತದೆ. ಕಡಿಮೆ ಕುಡಿಸಿದರೆ ಜಂತು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಹೆಚ್ಚಾದರೆ ಅಪಾಯ, ಗಬ್ಬವಾದ ಮೊದಲ ತಿಂಗಳಲ್ಲಂತೂ ಈ ಔಷಧಿಯನ್ನು ಕೊಡಲೇಬಾರದು, ಮರಿಗೆ ಅಂಗವಿಕಲತೆ ಬರಬಹುದು. ಹಾಲು ಕರೆಯುವ ದನಗಳ ಔಷಧಿಗಳಲ್ಲಿ, ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂಬುದನ್ನು ಲೇಬಲ್ಲಿನಲ್ಲಿ ತೋರಿಸಬೇಕೆಂದು 2012ರಲ್ಲಿ ನಿಯಮ ಮಾಡಲಾಯಿತು. ಆದರೆ ಜನರ ಔಷಧಿಯಾಗಲಿ ದನದ ಔಷಧಿಯಾಗಲಿ, ಅದರ ಲೇಬಲ್ಲು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. ಈ ವಿಷಯದಲ್ಲಿ ಬೆಳೆಯ ಔಷಧಿಯ ಕಾಗದವೇ ವಾಸಿ.

ಏನಾಗಬೇಕು

ಲೇಬಲ್ ತಯಾರಿಸುವವರ ಪಕ್ಷವನ್ನೂ ಹೇಳಬೇಕು. ಒಂದೇ ಬಾಟಲಿ ಹಲವು ಬೆಳೆಗಳಿಗೆ ಹೋಗುತ್ತದೆ. ಕ್ಲೋರಾಂಟ್ರಾನಿಲಿಪ್ರೋಲ್ ಶೇ. 18.5ರ ಔಷಧಿ ಭತ್ತಕ್ಕೂ ತೊಗರಿಗೂ ಹೆಕ್ಟೇರಿಗೆ 150 ಮಿ.ಲೀ., ಎಲೆಕೋಸಿಗೆ 50 ಮಿ.ಲೀ. ಮಾತ್ರ. ಕಾಯುವ ಅವಧಿ ಭತ್ತಕ್ಕೆ 47 ದಿನ, ತೊಗರಿಗೆ 29 ದಿನ, ಎಲೆಕೋಸಿಗೆ 3 ದಿನ. ಇದನ್ನೆಲ್ಲ ಒಂದೇ ಅಂಕಿಯಲ್ಲಿ ಬಾಟಲಿಯ ಮುಖದ ಮೇಲೆ ಬರೆಯಲಾಗದು, ನಿಜ. ಹೆಕ್ಟೇರಿನ ಲೆಕ್ಕವನ್ನೂ ಬಿಡುವಂತಿಲ್ಲ. ಔಷಧಿಯ ಪರೀಕ್ಷೆ ನಡೆಯುವುದೇ ಆ ಲೆಕ್ಕದಲ್ಲಿ. ಆದರೆ ಅದರ ಪಕ್ಕದಲ್ಲಿ ‘ಎಕರೆಗೆ’ ಎಂಬ ಇನ್ನೊಂದು ಅಂಕಣ, ‘ಎಕರೆಗೆ ಹತ್ತು, ಹದಿನೈದು, ಇಪ್ಪತ್ತು ಪಂಪು ಹೊಡೆದರೆ ಪಂಪಿಗೆ ಇಷ್ಟು’ ಎಂಬ ಸಣ್ಣ ಪಟ್ಟಿ ಸೇರಿಸಲು ಅಡ್ಡಿಯೇನು? ಮೂಲ ವಿಷಾಂಶದ ಅಂಕಿಯನ್ನು ಸಣ್ಣ ಅಕ್ಷರಕ್ಕೆ ಇಳಿಸಿ, ಕಾಯುವ ದಿನಗಳನ್ನು ದಪ್ಪ ಅಕ್ಷರಕ್ಕೆ ಏರಿಸಬಹುದು. ಪ್ರತಿ ಬಾಟಲಿಗೂ ಮಿ.ಲೀ. ಗೆರೆಯಿರುವ ಅಳತೆ ಲೋಟವನ್ನು ಮುಚ್ಚಳದ ಮೇಲೇ ಕೂರಿಸಿ ಕೊಡಬಹುದು. ಕೆಲವು ಕಂಪನಿಗಳು ಈಗಾಗಲೇ ಕೊಡುತ್ತಿವೆ, ಎಲ್ಲರೂ ಕೊಡುವಂತಾಗಬೇಕು.

ಲೇಬಲ್ಲಿನ ಮಾತನ್ನು ಕಂಪನಿಯಾಗಲಿ ಅಂಗಡಿಯಾಗಲಿ ತಮ್ಮಷ್ಟಕ್ಕೆ ತಿದ್ದುವಂತಿಲ್ಲ. ನೋಂದಣಿ ಸಮಿತಿ ಒಪ್ಪಿದ್ದನ್ನೇ ಅಚ್ಚು ಹಾಕಬೇಕು. ಆದುದರಿಂದ ಬೇಡಿಕೆ ಹೋಗಬೇಕಾದುದು ಅಲ್ಲಿಗೆ. ರೈತ ಸಂಘಗಳು ಬೆಲೆಗಾಗಿ, ವಿಮೆಗಾಗಿ ಮನವಿ ಕೊಡುವಾಗ ಇದನ್ನೂ ಒಂದು ಸಾಲು ಸೇರಿಸಿದರೆ ಚೆನ್ನ. ಅಲ್ಲಿಯವರೆಗೆ ಊರಿನ ವಾಚನಾಲಯದ ಕರಿಹಲಗೆಯೇ ನಮ್ಮ ಲೇಬಲ್. ಆ ಹಂಗಾಮಿನ ಮೂರೋ ನಾಲ್ಕೋ ಔಷಧಿಗಳ ಹೆಸರು, ಶೇಕಡಾ, ಎಕರೆಗೆ ಎಷ್ಟು, ಕಾಯುವ ದಿನ ಎಷ್ಟು ಎಂದು ಬರೆದಿಟ್ಟರೆ ಓದುಬಲ್ಲವರು ಓದುತ್ತಾರೆ, ಬಾರದವರು ಕೇಳಿ ತಿಳಿಯುತ್ತಾರೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬಾಟಲಿಯನ್ನೋ ಕಾಗದವನ್ನೋ ತಂದು ತೋರಿಸಿದರೆ ಅಲ್ಲಿನ ಸಿಬ್ಬಂದಿ ಲೆಕ್ಕ ಮಾಡಿಕೊಡುತ್ತಾರೆ. ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಗೆ ಹಣವಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. ಬಿಡಿ ಔಷಧಿಯನ್ನು ಮಾತ್ರ, ಎಷ್ಟೇ ಅಗ್ಗವಾದರೂ, ಕೊಳ್ಳಬೇಡಿ. ಇನ್ನೊಂದು ಸೀಸೆಗೆ ಸುರಿದುಕೊಂಡು ತಂದ ಔಷಧಿಗೆ ಲೇಬಲ್ಲೂ ಇಲ್ಲ, ಲೆಕ್ಕವೂ ಇಲ್ಲ.

ಬಾಟಲಿ ಎಸೆಯುವ ಮುನ್ನ

2017ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಹತ್ತಿ, ಎಂಜಿನ್ ಪಂಪು, ಮೈಮೇಲೆ ರಕ್ಷಣೆಯ ಬಟ್ಟೆ ಇಲ್ಲದಿರುವುದು, ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಬೆರೆಸಿ ಹೊಡೆದದ್ದು ಇವೆಲ್ಲ ಅಲ್ಲಿ ಕೂಡಿಬಂದಿದ್ದವು. ಸತ್ತವರಲ್ಲಿ ಕೂಲಿಗೆ ಬಂದವರೂ ಇದ್ದರು. ಕೂಲಿಯವನ ಕೈಗೆ ಬರುವುದು ತುಂಬಿದ ಪಂಪು. ಬಾಟಲಿಯನ್ನು ಅವನು ಕಂಡೇ ಇರುವುದಿಲ್ಲ. ಯಾವ ಔಷಧಿ, ಎಷ್ಟು ಹಾಕಿದೆ ಎಂಬುದನ್ನು ಹೊಲದ ಒಡೆಯ ಅವನಿಗೆ ಬಾಯಿಬಿಟ್ಟು ಹೇಳಬೇಕು.

ಹೊಡೆಯುವವನಿಗೆ ತಲೆಸುತ್ತು, ವಾಂತಿ, ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಪಂಪು ಇಳಿಸಿ, ಗಾಳಿಯಾಡುವ ಕಡೆಗೆ ಕರೆತಂದು, ಬಟ್ಟೆ ಬಿಚ್ಚಿಸಿ, ಮೈಯನ್ನು ಸಾಬೂನು ಹಾಕಿ ತೊಳೆದು, 108ಕ್ಕೆ ಫೋನು ಮಾಡಿ. ಆಸ್ಪತ್ರೆಗೆ ಹೋಗುವಾಗ ರೋಗಿಯ ಜೊತೆ ಬಾಟಲಿಯನ್ನೂ ಅದರ ಕಾಗದವನ್ನೂ ತಪ್ಪದೆ ಒಯ್ಯಿರಿ. ಎರಡು ಔಷಧಿ ಬೆರೆಸಿದ್ದರೆ ಎರಡನ್ನೂ ಒಯ್ಯಿರಿ. ಆ ಕಾಗದದಲ್ಲಿ ವಿಷದ ಲಕ್ಷಣಗಳ ಕೆಳಗೆ ಪ್ರತಿವಿಷದ ಸಾಲಿರುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಔಷಧಿಯಾದರೆ ವೈದ್ಯರು ಅಟ್ರೋಪಿನ್ ಚುಚ್ಚುಮದ್ದು ಕೊಡುತ್ತಾರೆ. ಪೈರೆಥ್ರಾಯ್ಡ್ ಗುಂಪಿನದಕ್ಕೆ ಅಂಥ ನಿರ್ದಿಷ್ಟ ಪ್ರತಿವಿಷವಿಲ್ಲ, ಲಕ್ಷಣ ನೋಡಿಕೊಂಡು ಚಿಕಿತ್ಸೆ ಮಾಡುತ್ತಾರೆ. ಯಾವುದು ಎಂದು ಆ ಹೊತ್ತಿನಲ್ಲಿ ವೈದ್ಯರಿಗೆ ಹೇಳಬಲ್ಲದ್ದು ಆ ಕಾಗದವೊಂದೇ. ಆದುದರಿಂದ ಸಿಂಪರಣೆ ಮುಗಿದು ಒಂದೆರಡು ದಿನ ಕಳೆಯುವವರೆಗೆ ಅದನ್ನು ಮಕ್ಕಳ ಕೈಗೆ ಸಿಗದಂತೆ ಪಂಪಿನ ಜೊತೆಯಲ್ಲೇ ಕಟ್ಟಿಡಿ.